ಅದೇ ನೀರು

"ಇದಕ್ಕೆ ಮೀನಿಗಿರೋಷ್ಟು ಬುದ್ಧಿನೂ ಇಲ್ಲ ಸಾರ್. ಮೀನಾದ್ರೂ ಬಾಯಿ ತೆಗೆದು ಮುಚ್ಚುತ್ತೆ. ಇದು ಅಷ್ಟೂ ಮಾಡಲ್ಲ."

ಠಾಣೆಯ ಮುಂಗೋಣೆಯಲ್ಲಿ, ಅಷ್ಟು ಜನರ ಎದುರು, ಬಟ್ಟೆ ಫ್ಯಾಕ್ಟರಿಯ ಮಾಲೀಕ ಹೀಗೆ ಅಂದ. ಬೆಂಚಿನ ಮೇಲೆ ದೂರು ಹಿಡಿದು ಕೂತಿದ್ದ ಅತ್ತೆ ಸೊಸೆ ಇಬ್ಬರೂ ತಮ್ಮ ಜಗಳ ಮರೆತು ನಕ್ಕರು. ಬೈಸಿಕೊಂಡವನು ತಲೆ ಎತ್ತಲಿಲ್ಲ. ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ಎರಡೂ ಕೈಯಲ್ಲಿ ಬಕೆಟ್ ಹಿಡಿದು ನಿಂತಿದ್ದ. ಬಕೆಟ್ಟಿನ ತುಂಬ ಕಿತ್ತಳೆ ಬಣ್ಣದ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ಸತ್ತಿದ್ದವು.

ತಾರೀಖು ಹತ್ತೊಂಬತ್ತು, ಮಧ್ಯಾಹ್ನ ಹನ್ನೆರಡೂವರೆ. ಇನ್‌ಸ್ಪೆಕ್ಟರ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುತ್ತಿದ್ದ. ಅವನು ಕೂತದ್ದನ್ನು ನೋಡಿದವರು ಠಾಣೆಯಲ್ಲಿ ಕಡಿಮೆ. ಅವನ ಕುರ್ಚಿಯ ಮೇಲೆ ದಫೇದಾರ ಟೋಪಿ ಒಣಗಿಸಿಕೊಳ್ಳುತ್ತಿದ್ದ. ಆ ದಫೇದಾರನೇ ಈಗ ಬಕೆಟ್ಟಿಗೆ ಇಣುಕಿ, ಇದಕ್ಕೆ ಎಫ್‌ಐಆರ್ ಹಾಕೋದಾ, ಒಗ್ಗರಣೆ ಹಾಕೋದಾ ಎಂದು ಮೆಲ್ಲಗೆ ಕೇಳಿದ. ಇನ್‌ಸ್ಪೆಕ್ಟರ್ ಅವನತ್ತ ನೋಡಿದ ರೀತಿಗೆ ದಫೇದಾರ ಪೆನ್ನು ಹುಡುಕತೊಡಗಿದ.

ದೂರು ಇಷ್ಟು. ಅಂದು ಬೆಳಿಗ್ಗೆ ಹೊರದೇಶದ ಖರೀದಿದಾರರು ಫ್ಯಾಕ್ಟರಿ ನೋಡಲು ಬಂದಿದ್ದರು. ನೂಲಿನಿಂದ ಗುಂಡಿಯವರೆಗೆ ಪ್ರತಿಯೊಂದೂ ನೆಲ ನೀರು ಕೆಡಿಸದೆ ತಯಾರಾಗಬೇಕು ಎಂಬುದು ಅವರು ಕೆಲವು ವರ್ಷಗಳ ಹಿಂದೆ ಹಾಕಿದ ಷರತ್ತು. ಅದಕ್ಕೆ ಹಸಿರು ಸರಪಳಿ ಎಂದು ಹೆಸರು. ಬಟ್ಟೆಗೆ ಬಣ್ಣ ಹಾಕಿದ ಮೇಲೆ ಉಳಿಯುವ ಕೊಳೆನೀರನ್ನು ಶುದ್ಧ ಮಾಡಿ, ಗೇಟಿನ ಪಕ್ಕದ ಗಾಜಿನ ತೊಟ್ಟಿಗೆ ಬಿಟ್ಟು, ಅದರಲ್ಲಿ ಮೀನು ಸಾಕಿ ತೋರಿಸುವುದು ಈ ಫ್ಯಾಕ್ಟರಿ ಕೊಡುತ್ತಿದ್ದ ಪುರಾವೆ. ಬಂದವರು ಮೊದಲು ತೊಟ್ಟಿಯ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಈ ಸಲ ಅವರ ಕಣ್ಣೆದುರೇ ಮೀನುಗಳು ಒಂದೊಂದಾಗಿ ಮೇಲೆ ತೇಲಿದವು. ಬಂದವರು ಕ್ಯಾಮೆರಾ ಒಳಗಿಟ್ಟರು. ಕಾರು ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ಫೋನ್ ಬಂತು, ಆರ್ಡರ್ ತಡೆಹಿಡಿದಿದ್ದೇವೆ ಎಂದು.

ಯಾರೋ ಹೊರಗಿನವರು ವಿಷ ಹಾಕಿದ್ದಾರೆ ಎಂದು ಮಾಲೀಕ ಬರೆದುಕೊಟ್ಟ. ಅನುಮಾನ ಯಾರ ಮೇಲೆ ಎಂಬಲ್ಲಿ ಒಬ್ಬ ಬಣ್ಣಗಾರನನ್ನು ತೋರಿಸಿದ. ಎದುರಿನ ಗಲ್ಲಿಯಲ್ಲಿ ಸಣ್ಣ ಶೆಡ್ಡು ಇಟ್ಟುಕೊಂಡಿದ್ದವನು, ಮೊದಲು ಫ್ಯಾಕ್ಟರಿಗೆ ನೂಲು ಬಣ್ಣ ಹಾಕಿ ಕೊಡುತ್ತಿದ್ದವನು. ಕೊಳಕು ಕೆಲಸ ಎಂದು ಅವನನ್ನು ಬಿಟ್ಟಿದ್ದರು. ಬಿಟ್ಟ ಮೇಲೆ ಅವನು ಗೇಟಿನ ಮುಂದೆ ನಿಂತು, ನಿಮ್ಮ ಮೀನೂ ಒಂದು ದಿನ ಸಾಯುತ್ತವೆ ಎಂದು ಕೂಗಿದ್ದಕ್ಕೆ ಕಾವಲುಗಾರರು ಸಾಕ್ಷಿ.

"ಹೊರಗಿನವನು ವಿಷ ಹಾಕಿದ ಅಂತ ಪೊಲೀಸ್ ಕಾಗದ ಕೊಟ್ಟರೆ ಆರ್ಡರ್ ವಾಪಸ್ ಬರುತ್ತೆ," ಎಂದ ಮಾಲೀಕ. "ಇಲ್ಲಾಂದ್ರೆ ಹೊಲಿಗೆ ವಿಭಾಗ ಮುಚ್ಚಬೇಕು. ಮುನ್ನೂರು ಜನ ಹೆಂಗಸರು. ಅವರ ಮನೆಗೆ ಹೋಗಿ ನೀವೇ ಹೇಳಿ."

"ಇವನು ಯಾರು?" ಇನ್‌ಸ್ಪೆಕ್ಟರ್ ಬಕೆಟ್ ಹಿಡಿದವನತ್ತ ಗದ್ದ ಎತ್ತಿ ಕೇಳಿದ.

"ತೊಟ್ಟಿ ತೊಳೆಯೋನು. ಇವನ ಅಕ್ಕ ನಮ್ಮಲ್ಲೇ ಹೊಲೀತಾಳೆ, ಅವಳು ಕಾಲು ಹಿಡಿದ್ಲು ಅಂತ ಸೇರಿಸ್ಕೊಂಡೆ. ಎಲ್ಲ ತೊಟ್ಟಿರಾಯ ಅಂತಾರೆ. ಅದೊಂದು ಕೇಡು."

ಎಫ್‌ಐಆರ್ ದಾಖಲಾಯಿತು. ಮೀನುಗಳನ್ನು ಹಳೇ ಪತ್ರಿಕೆಯ ಮೇಲೆ ಹರಡಿ ಪಂಚನಾಮೆ ಬರೆಯುವಾಗ ದಫೇದಾರ, ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ, ಒಂದು ದೊಡ್ಡದಿಲ್ಲ ಒಂದು ಚಿಕ್ಕದಿಲ್ಲ ಎಂದ. ಅದನ್ನೂ ಬರೆದುಕೋ ಎಂದ ಇನ್‌ಸ್ಪೆಕ್ಟರ್. ಬರೆದುಕೊಂಡದ್ದು ಯಾವ ಉಪಯೋಗಕ್ಕೆ ಎಂದು ಇಬ್ಬರಿಗೂ ಆಗ ಗೊತ್ತಿರಲಿಲ್ಲ.

ಮೂರು ಗಂಟೆಗೆ ಸ್ಥಳ ಮಹಜರು. ತೊಟ್ಟಿ ಸೊಂಟದೆತ್ತರ, ಮುಂಭಾಗ ಗಾಜು, ಉಳಿದ ಮೂರು ಕಡೆ ಸಿಮೆಂಟು. ಮೇಲೆ ಹಸಿರು ಹಲಗೆಯಲ್ಲಿ ಬಿಳಿ ಅಕ್ಷರ: ಅದೇ ನೀರು. ಅದರ ಕೆಳಗೆ ಇಂಗ್ಲಿಷಿನಲ್ಲೂ ಅದೇ ಮಾತು. ಸುತ್ತ ಹೂವಿನ ಕುಂಡಗಳ ಸಾಲು. ಸಾಲಿನಲ್ಲಿ ಒಂದು ಕುಂಡ ಮಾತ್ರ ತನ್ನ ಜಾಗದಲ್ಲಿರಲಿಲ್ಲ. ಅದು ಕೂತಿದ್ದ ದುಂಡನೆಯ ಗುರುತು ಪಕ್ಕದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಆ ಗುರುತು ಬಿದ್ದದ್ದು ಒಂದು ಕಬ್ಬಿಣದ ಮುಚ್ಚಳದ ಮೇಲೆ. ಚರಂಡಿ ಮುಚ್ಚಳ ಎಂದ ಸೂಪರ್‌ವೈಸರ್. ಇನ್‌ಸ್ಪೆಕ್ಟರ್ ಅದನ್ನು ದಾಟಿ ಹೋದ.

ನೀರು ತಿಳಿಯಾಗಿತ್ತು. ವಿಷದ ಬಾಟಲಿ, ಪುಡಿಯ ಪೊಟ್ಟಣ, ಏನೂ ಸಿಗಲಿಲ್ಲ. ಹತ್ತಿರ ಬಗ್ಗಿದರೆ ಆಗಷ್ಟೇ ತೊಳೆದ ಆಸ್ಪತ್ರೆಯ ನೆಲದ ವಾಸನೆ. ಇನ್‌ಸ್ಪೆಕ್ಟರ್ ತೊಟ್ಟಿಯ ಒದ್ದೆ ಅಂಚಿಗೆ ಮಂಡಿಯೂರಿ ಎರಡು ಬಾಟಲಿಗೆ ನೀರು ತುಂಬಿ, ಮುದ್ರೆ ಹಾಕಿ, ಪಂಚರ ಸಹಿ ಪಡೆದ. ಆಮೇಲೆ ತೊಟ್ಟಿರಾಯನನ್ನು ಕರೆದ.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದೆ?"

"ಆರಕ್ಕೆ."

"ಮೀನು ಹೇಗಿದ್ವು?"

"ಆಡ್ತಿದ್ವು."

"ಇಲ್ಲಿಗೆ ಯಾರು ಬಂದ್ರು?"

"ಯಾರೂ ಇಲ್ಲ."

"ಮತ್ತೆ ವಿಷ ಹೇಗೆ ಬಂತು?"

ಹುಡುಗ ಮೊದಲ ಸಲ ತಲೆ ಎತ್ತಿದ. "ವಿಷ ಅಂತ ಯಾರು ಹೇಳಿದ್ದು ಸಾರ್?"

ಸೂಪರ್‌ವೈಸರ್ ಮಧ್ಯೆ ಬಾಯಿ ಹಾಕಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ಗದರಿದ. ಹುಡುಗ ಮತ್ತೆ ನೆಲ ನೋಡಿದ. ಹೊಲಿಗೆ ವಿಭಾಗದ ಬಾಗಿಲಲ್ಲಿ ಹೆಂಗಸರು ಗುಂಪಾಗಿ ನಿಂತು ನೋಡುತ್ತಿದ್ದರು. ಒಳಗೆ ಮಷೀನುಗಳು ನಿಂತಿದ್ದವು. ದೊಡ್ಡ ಕಾರ್ಖಾನೆಯಲ್ಲಿ ಸದ್ದು ನಿಂತರೆ ಮನೆಯಲ್ಲಿ ಮಗು ಅಳು ನಿಲ್ಲಿಸಿದ ಹಾಗಲ್ಲ. ಏನೋ ಆಗಿದೆ ಎಂದು ಎಲ್ಲರೂ ಬಾಗಿಲಿಗೆ ಬರುತ್ತಾರೆ.

ಜೀಪಿನಲ್ಲಿ ಕೂತಾಗ ಇನ್‌ಸ್ಪೆಕ್ಟರ್ ತನ್ನ ಪ್ಯಾಂಟು ನೋಡಿಕೊಂಡ. ಮಂಡಿಯ ಹತ್ತಿರ ಒದ್ದೆಯಾಗಿದ್ದ ಜಾಗ ಒಣಗಿ, ಅಂಚಿನಲ್ಲಿ ಬಿಳಿ ಗೆರೆ ಬಿದ್ದಿತ್ತು. ಉಗುರಿನಿಂದ ಕೆರೆದ. ಉಪ್ಪು ಉದುರಿತು.

"ಜೀಪು ತಿರುಗಿಸು," ಎಂದ. "ಹಿಂದಿನ ರಸ್ತೆಗೆ."

ಫ್ಯಾಕ್ಟರಿಯ ಹಿಂದೆ, ಮುಳ್ಳುತಂತಿಯ ಆಚೆ, ಒಂದು ಕೊಳವೆ ಕಾಲುವೆಗೆ ಬಾಯಿ ಬಿಟ್ಟುಕೊಂಡಿತ್ತು. ಅಲ್ಲೂ ನೀರು ತಿಳಿಯೇ. ಅಲ್ಲೂ ಅದೇ ಆಸ್ಪತ್ರೆ ವಾಸನೆ. ಕೊಳವೆಯ ಕೆಳಗಿನ ಕಲ್ಲುಗಳಿಗೆ ಅವನ ಪ್ಯಾಂಟಿನ ಮೇಲಿದ್ದಂಥದೇ ಬಿಳಿ ಅಂಚು. ಅಲ್ಲಿಂದಲೂ ಎರಡು ಬಾಟಲಿ ತುಂಬಿಸಿಕೊಂಡ. ದೂರು ಕೊಟ್ಟವರ ಹಿತ್ತಲಿನ ನೀರು ಯಾಕೆ ಎಂದು ದಫೇದಾರ ಕೇಳಿದ. ಮನೆಯಲ್ಲಿ ಕಳ್ಳತನವಾದರೆ ಮನೆಯವರನ್ನೂ ಎಣಿಸಬೇಕು ಎಂದ ಇನ್‌ಸ್ಪೆಕ್ಟರ್.

ಅಂದು ಸಂಜೆಯೇ ಮೇಲಿನಿಂದ ಫೋನ್ ಬಂತು. ಬಣ್ಣಗಾರನನ್ನು ಹಿಡಿದಾಯಿತೇ ಎಂಬುದೊಂದೇ ಪ್ರಶ್ನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಮೇಲಿನವರಿಗೆ ಯಾವತ್ತೂ ಅವಸರ.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಬಣ್ಣಗಾರನ ಶೆಡ್ಡಿಗೆ ಹೋದರು. ಬಾಗಿಲಿಗೆ ಸರ್ಕಾರದ ಅರಗಿನ ಮುದ್ರೆ. ಬಣ್ಣಗಾರ ಹೊರಗಿನ ಜಗಲಿಯ ಮೇಲೆ ಕೂತಿದ್ದ. ವಯಸ್ಸು ಅರವತ್ತರ ಹತ್ತಿರ. ಅವನನ್ನು ಗಲ್ಲಿಯವರೆಲ್ಲ ನೀಲಿಕೈ ಎನ್ನುತ್ತಿದ್ದರು. ನೋಡಿದರೆ ಯಾಕೆಂದು ಕೇಳಬೇಕಾಗಿರಲಿಲ್ಲ. ಮೊಣಕೈವರೆಗೆ ಬಣ್ಣ ಚರ್ಮದೊಳಕ್ಕೆ ಇಳಿದಿತ್ತು.

"ಮೀನು ಸಾಯುತ್ತವೆ ಅಂತ ಕೂಗಿದ್ದೆಯಾ?"

"ಕೂಗಿದ್ದೆ."

"ವಿಷ ಹಾಕಿದೆಯಾ?"

"ಈ ಕೈ ಹೊತ್ತುಕೊಂಡು ಗೇಟು ದಾಟಕ್ಕಾಗುತ್ತಾ ಸಾರ್? ಕತ್ತಲಲ್ಲೂ ನನ್ನ ಗುರುತು ಹಿಡೀತಾರೆ."

ದಫೇದಾರನಿಗೆ ನಗು ಬಂತು. ಇನ್‌ಸ್ಪೆಕ್ಟರ್ ನಗಲಿಲ್ಲ, ಶೆಡ್ಡಿನ ಪಕ್ಕದ ಮೂರು ಡ್ರಮ್ಮುಗಳ ಸುತ್ತ ತಿರುಗುತ್ತಿದ್ದ. ಒಂದರಲ್ಲಿ ಜಲ್ಲಿ, ಒಂದರಲ್ಲಿ ಮರಳು, ಒಂದರಲ್ಲಿ ಇದ್ದಿಲು. ನೀಲಿಕೈ ವಿವರಿಸಿದ. ಹಸಿರು ಸರಪಳಿ ಬಂದ ಮೇಲೆ ಫ್ಯಾಕ್ಟರಿಯವರು, ನಮಗೆ ಸರಕು ಕೊಡುವವರೂ ಕೊಳೆನೀರು ಸೋಸಬೇಕು ಎಂದಿದ್ದರು. ಅವನು ನಂಬಿ ಕಟ್ಟಿದ. ಆಮೇಲೆ ಪ್ರಮಾಣಪತ್ರ ಬೇಕು ಎಂದರು. ಅದನ್ನು ಕೊಡುವವರು ವಿಮಾನದಲ್ಲಿ ಬರುವ ಜನ. ಈ ಗಲ್ಲಿಗೆ ಸೈಕಲ್ಲೇ ತಿರುಗುವುದಿಲ್ಲ. ಸರಪಳಿ ಅಂದ ಮೇಲೆ ಯಾರದಾದರೂ ಕಾಲಿಗೆ ಬೀಳಬೇಕು. ಬಿದ್ದದ್ದು ಚಿಕ್ಕವನ ಕಾಲಿಗೆ. ಶೆಡ್ಡಿಗೆ ಬೀಗ ಬಿತ್ತು, ಫ್ಯಾಕ್ಟರಿಯ ಹಿಂದಿನ ಕೊಳವೆ ಹರಿಯುತ್ತಲೇ ಇತ್ತು.

ಹಿಂದಿನ ಸಲ ಖರೀದಿದಾರರು ಬಂದಾಗ ಅವನು ಅವರಿಗೇ ಹೇಳೋಣವೆಂದು ಗೇಟಿನೊಳಗೆ ಹೋಗಿದ್ದನಂತೆ. ಮಾಲೀಕ ಅಡ್ಡ ಬಂದ. ತೊಟ್ಟಿಯಿಂದ ಒಂದು ಲೋಟ ನೀರು ತರಿಸಿ, ಎಲ್ಲರೆದುರು ಕೈಯಲ್ಲಿ ಎತ್ತಿ ಹಿಡಿದ.

"ನಿನ್ನ ನೀರಲ್ಲಿ ಹುಳನೂ ಬದುಕಲ್ಲ ಕಣೋ ಮುದುಕ, ನಮ್ಮ ನೀರು ನೋಡು ಅಂತ ಗಟಗಟ ಕುಡಿದ. ಬಂದವರು ಚಪ್ಪಾಳೆ ತಟ್ಟಿದ್ರು."

"ಲೋಟ ತುಂಬಿ ಕೊಟ್ಟಿದ್ದು ಯಾರು?"

ನೀಲಿಕೈ ಅಂಗೈ ಉಜ್ಜಿಕೊಂಡ. ಎಷ್ಟು ಉಜ್ಜಿದರೂ ಹೋಗದ ಬಣ್ಣ ಅದು. "ತೊಟ್ಟಿ ಹುಡುಗ."

"ನಿನಗೆ ಅವನ ಪರಿಚಯ ಇದೆಯಾ?"

"ಹದಿನೈದು ವರ್ಷದವನಿದ್ದಾಗಿಂದ ನನ್ನ ಹತ್ತಿರ ಇದ್ದ. ನನ್ನನ್ನ ಮಾಮ ಅಂತಿದ್ದ. ನನ್ನ ಕೆಲಸ ಕಮ್ಮಿ ಆದ ಮೇಲೆ ನಾನೇ ಹೋಗು ಅಂದೆ." ಬರೆಯುತ್ತಿದ್ದ ದಫೇದಾರನಿಗೆ ಕೈ ಅಡ್ಡ ಮಾಡಿದ. "ಅವನ ಹೆಸರು ಬರ್ಕೋಬೇಡಿ ಸಾರ್. ಬೇಕಾದ್ರೆ ನನ್ನದೇ ಹಾಕ್ಕೊಳ್ಳಿ. ನನಗೆ ಹೇಗೂ ಕೆಲಸ ಇಲ್ಲ."

ಇನ್‌ಸ್ಪೆಕ್ಟರ್ ಅವನ ಹೇಳಿಕೆ ಬರೆಸಿಕೊಂಡು, ಊರು ಬಿಟ್ಟು ಹೋಗಬಾರದು ಎಂದಷ್ಟೇ ಹೇಳಿ ಎದ್ದ. ಹಿಡಿಯುವುದಿಲ್ಲವೇ ಎಂದು ದಫೇದಾರ ಕೇಳಿದ. ಮೊದಲು ನೀರಿನ ವರದಿ ಬರಲಿ ಎಂದ.

ಬಣ್ಣದ ಮೀನು ಮಾರುವ ಅಂಗಡಿ ಆ ಊರಿಗೆ ಒಂದೇ. ಗಾಜಿನ ಪೆಟ್ಟಿಗೆಗಳ ಮಧ್ಯೆ ಒಬ್ಬ ದಪ್ಪ ಮನುಷ್ಯ ಕೂತಿದ್ದ. ಫ್ಯಾಕ್ಟರಿ ಎಂದ ಕೂಡಲೇ ಅವನ ಮುಖ ಅರಳಿತು. ಆ ಹಸಿರು ಸರಪಳಿಯಲ್ಲಿ ತನ್ನದೂ ಒಂದು ಕೊಂಡಿ ಎಂದು ಹೆಮ್ಮೆಪಟ್ಟ. ಪ್ರತಿ ಸಲ ಹೊರದೇಶದವರು ಬರುವ ವಾರ ಹೊಸ ಮೀನು ಹೋಗುತ್ತದೆ, ಎಲ್ಲ ಒಂದೇ ಅಳತೆಯವು ಬೇಕು, ಫೋಟೋದಲ್ಲಿ ಚೆನ್ನಾಗಿ ಕಾಣಬೇಕು.

"ಹಳೇ ಮೀನು ಏನಾಗ್ತವೆ?"

"ಅದನ್ನ ನಾನ್ಯಾಕೆ ಕೇಳ್ಲಿ? ಮದುವೆ ಛತ್ರದವನು ಹೋದ ವರ್ಷದ ಗಂಡು ಎಲ್ಲಿ ಅಂತ ಕೇಳ್ತಾನಾ?"

ಮಾತಾಡುತ್ತ ಮಾತಾಡುತ್ತ ಅವನು ಇನ್ನೊಂದು ವಿಷಯ ಹೇಳಿದ. ತೊಟ್ಟಿ ಕಟ್ಟಿದ ಮೊದಲ ವರ್ಷ ಕೊಟ್ಟ ಮೀನುಗಳಲ್ಲಿ ಒಂದು ಇನ್ನೂ ಬದುಕಿದೆ. ಅಂಗೈಯಗಲ ಬೆಳೆದಿದೆ, ಬಾಲ ಅರ್ಧ ಹರಿದಿದೆ. ತೊಟ್ಟಿ ಹುಡುಗ ಅದನ್ನು ತಾತ ಎಂದು ಕರೆಯುತ್ತಾನೆ, ಅದಕ್ಕೆಂದೇ ಬೇರೆ ಆಹಾರ ಕೇಳಿಕೊಂಡು ಬರುತ್ತಾನೆ.

ಇನ್‌ಸ್ಪೆಕ್ಟರ್ ದಫೇದಾರನ ಮುಖ ನೋಡಿದ. ದಫೇದಾರ ಇನ್‌ಸ್ಪೆಕ್ಟರನ ಮುಖ ನೋಡಿದ. ಒಂದು ದೊಡ್ಡದಿಲ್ಲ ಒಂದು ಚಿಕ್ಕದಿಲ್ಲ ಎಂದು ಪಂಚನಾಮೆಯಲ್ಲಿ ಬರೆದಿತ್ತು. ಅಂದರೆ ಸತ್ತವುಗಳಲ್ಲಿ ತಾತ ಇರಲಿಲ್ಲ. ಮೀನು ಸಾಯುತ್ತವೆ ಎಂದು ಮೊದಲೇ ಗೊತ್ತಿದ್ದವನು ಮಾತ್ರ ಒಂದನ್ನು ಎತ್ತಿಡುತ್ತಾನೆ. ಕೊಲ್ಲಲು ಹೊರಟವನು ಯಾರೂ ಹಾಗೆ ಮಾಡುವುದಿಲ್ಲ. ದಿನಾ ತಿನ್ನಿಸಿದವನು ಮಾಡುತ್ತಾನೆ.

ಇಪ್ಪತ್ತೊಂದರ ಬೆಳಿಗ್ಗೆ ಪ್ರಯೋಗಾಲಯದ ವರದಿ ಬಂತು. ತೊಟ್ಟಿಯ ನೀರಿನಲ್ಲಿ ಕೀಟನಾಶಕ ಇಲ್ಲ, ಬೇರೆ ಯಾವ ವಿಷವೂ ಇಲ್ಲ. ವಿಪರೀತ ಉಪ್ಪು, ಬಣ್ಣ ಬಿಳುಚಿಸಲು ಹಾಕುವ ಬ್ಲೀಚಿಂಗ್ ಪುಡಿ, ಮೀನು ಉಸಿರಾಡಲು ಸಾಲದಷ್ಟು ಆಮ್ಲಜನಕ. ಹಿಂದಿನ ಕೊಳವೆಯ ನೀರಿನಲ್ಲೂ ಅವೇ, ಅಷ್ಟೇ. ಎರಡೂ ಒಂದೇ ಮೂಲದ ನೀರು ಎಂದು ಕೊನೆಯ ಸಾಲು. ಅದನ್ನು ಓದಿದ ದಫೇದಾರ, ಹಲಗೆ ಮೇಲೆ ಬರೆದದ್ದು ಒಂದು ದಿನವಾದರೂ ನಿಜವಾಯಿತಲ್ಲ ಎಂದ.

ಮಧ್ಯಾಹ್ನ ಅವರಿಬ್ಬರೂ ತೊಟ್ಟಿರಾಯನ ಮನೆಗೆ ಹೋದರು. ಒಂದೇ ಕೋಣೆ. ಹಗ್ಗದ ಮೇಲೆ ಬಟ್ಟೆ. ಗೋಡೆಯಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ, ಮೊಳೆಗೆ ತೂಗಿಹಾಕಿದ್ದು. ಅಕ್ಕ ಬಾಗಿಲಲ್ಲೇ ಬಟ್ಟೆ ಹಿಂಡುತ್ತಿದ್ದಳು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವಳು. ಖಾಕಿ ಕಂಡದ್ದೇ ಎದ್ದು ನಿಂತಳು.

"ಹಿಡಿದ್ರಾ ಸಾರ್?"

"ಹುಡುಕ್ತಾ ಇದ್ದೀವಿ."

"ಬೇಗ ಹಿಡೀರಿ. ಅವನ ಕೈ ಸೇದಿಹೋಗ. ನಮ್ಮ ಲೈನೇ ನಿಲ್ಲಿಸಿಬಿಟ್ರು. ಒಂದು ಹಿಡಿ ಮೀನು ಸತ್ತಿದ್ದಕ್ಕೆ ಮುನ್ನೂರು ಮನೆ ಒಲೆ ಆರುತ್ತೆ ಅಂದ್ರೆ ಹೇಗೆ ಸಾರ್?"

ಮೂಲೆಯಲ್ಲಿ ನೀರು ಕಾಯಿಸುವ ದೊಡ್ಡ ಪಾತ್ರೆ. ಅದರ ಮೇಲೆ ಜರಡಿ ಮುಚ್ಚಿತ್ತು. ದಫೇದಾರ ಕುಡಿಯಲು ನೀರು ಕೇಳುತ್ತ ಆ ಕಡೆ ಹೋದ. ಜರಡಿ ಸರಿಸಿ ನಿಂತುಬಿಟ್ಟ. ಅಂಗೈಯಗಲದ ಕಿತ್ತಳೆ ಮೀನು, ಅರ್ಧ ಬಾಲ ಅಲ್ಲಾಡಿಸುತ್ತ, ಪಾತ್ರೆಯ ಸುತ್ತ ಇನ್‌ಸ್ಪೆಕ್ಟರನ ಹಾಗೇ ತಿರುಗುತ್ತಿತ್ತು.

"ಇದು ಯಾರದಮ್ಮ?"

"ನಮ್ಮ ಹುಡುಗಂದು. ತೊಟ್ಟೀದೇ. ಕಾಯಿಲೆ ಬಿದ್ದಿದೆ, ಬೇರೇವಕ್ಕೆ ಅಂಟುತ್ತೆ ಅಂತ ತಂದಿಟ್ಟ. ಅದರ ಪುಣ್ಯ ನೋಡಿ, ಇದೊಂದು ಉಳ್ಕೊಳ್ತು."

"ಯಾವಾಗ ತಂದ?"

"ಹದಿನೆಂಟನೇ ತಾರೀಖು ಸಂಜೆ. ನನಗೆ ನೆನಪಿದೆ. ಮಾರನೇ ದಿನ ಹೊರಗಿನವರು ಬರ್ತಾರೆ, ಎಲ್ಲರೂ ಒಗೆದ ಬಟ್ಟೆ ಹಾಕ್ಕೊಂಡು ಬನ್ನಿ ಅಂದಿದ್ರು. ನಾನು ಇಸ್ತ್ರಿ ಮಾಡ್ತಿದ್ದೆ, ಇವನು ಪಾತ್ರೆ ಕೊಡು ಅಂತ..."

ಅವಳು ಜರಡಿ ಎಳೆದು ಮತ್ತೆ ಪಾತ್ರೆಯ ಮೇಲೆ ಮುಚ್ಚಿದಳು. ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಇನ್‌ಸ್ಪೆಕ್ಟರ್ ಬೇರೆ ಪ್ರಶ್ನೆ ಕೇಳಲಿಲ್ಲ. ಕೇಳುವುದಕ್ಕೆ ಉಳಿದಿರಲೂ ಇಲ್ಲ. ಮೀನನ್ನು ಪಾತ್ರೆಯ ಸಮೇತ ವಶಕ್ಕೆ ಪಡೆದರು. ಮುದ್ದೆಮಾಲು ಜೀವಂತ ಎಂದು ಪಂಚನಾಮೆಯಲ್ಲಿ ಬರೆಯುವಾಗ ದಫೇದಾರನಿಗೆ ತಮಾಷೆ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ತೊಟ್ಟಿಯ ಹತ್ತಿರ ಇನ್‌ಸ್ಪೆಕ್ಟರ್ ಹುಡುಗನನ್ನು ಒಬ್ಬನನ್ನೇ ನಿಲ್ಲಿಸಿಕೊಂಡ. ತಾತ ಠಾಣೆಯಲ್ಲಿದ್ದಾನೆ ಎಂದ. ಹುಡುಗ ಬೇರೇನೂ ಕೇಳಲಿಲ್ಲ. ಯಾವ ನೀರಲ್ಲಿ ಬಿಟ್ಟಿದ್ದೀರಿ ಎಂದು ಮಾತ್ರ ಕೇಳಿದ. ನಿಮ್ಮ ಮನೆಯ ನೀರಲ್ಲೇ ಎಂದಾಗ ತಲೆಯಾಡಿಸಿದ. ಆಮೇಲೆ ತಾನೇ ಹೋಗಿ ಆ ಹೂಕುಂಡದ ಪಕ್ಕದ ಕಬ್ಬಿಣದ ಮುಚ್ಚಳ ಎತ್ತಿದ. ಕೆಳಗೆ ಗುಂಡಿ, ಗುಂಡಿಯಲ್ಲಿ ಒಂದು ಕೊಳವೆ, ಅದಕ್ಕೆ ಹಸಿರು ಬಳಿದ ವಾಲ್ವ್.

ಅವನು ಹೇಳಿದ್ದರ ಸಾರ ಹೀಗೆ. ಮೊದಲ ವರ್ಷ ಕೊಳೆನೀರು ಶುದ್ಧ ಮಾಡುವ ಪ್ಲಾಂಟು ಸರಿಯಾಗಿ ಓಡುತ್ತಿತ್ತು. ಈ ಕೊಳವೆಯಿಂದಲೇ ತೊಟ್ಟಿಗೆ ನೀರು ಬರುತ್ತಿತ್ತು, ಮೀನು ಬದುಕುತ್ತಿದ್ದವು. ತಾತ ಆ ನೀರಿನಲ್ಲಿ ಬೆಳೆದ ಮೀನು. ಅದೇ ನೀರು ಎಂದು ಬಂದವರಿಗೆ ಇಂಗ್ಲಿಷಿನಲ್ಲಿ ಹೇಳಲು ಅವನಿಗೆ ಕಲಿಸಿದ್ದರು. ಅವನು ಎದೆ ಉಬ್ಬಿಸಿ ಹೇಳುತ್ತಿದ್ದ. ಪ್ರಮಾಣಪತ್ರ ಬಂದು ಗೋಡೆಗೆ ಏರಿದ ಮೇಲೆ ಪ್ಲಾಂಟು ನಿಲ್ಲಿಸಿದರು. ಬ್ಲೀಚಿಂಗ್ ಪುಡಿ ಸುರಿದು ಬಣ್ಣ ತೆಗೆದು ಹಿಂದಕ್ಕೆ ಬಿಟ್ಟರು. ತೊಟ್ಟಿಗೆ ಕುಡಿಯುವ ನೀರಿನ ಟ್ಯಾಂಕರ್ ಬಂತು. ವಾಲ್ವ್ ಮುಚ್ಚಿ ಮೇಲೆ ಹೂಕುಂಡ ಇಟ್ಟರು. ಟ್ಯಾಂಕರ್ ತಡವಾದಾಗ ಹಳೇ ನೀರಿನಲ್ಲಿ ಮೀನು ಸಾಯುತ್ತಿದ್ದವು, ಹೊಸವು ಬರುತ್ತಿದ್ದವು. ಅವನ ಮಾತು ಮಾತ್ರ ಬದಲಾಗಲಿಲ್ಲ.

ಹತ್ತೊಂಬತ್ತನೇ ತಾರೀಖು ಖರೀದಿದಾರರ ಕಾರು ಗೇಟಿಗೆ ಬಂದಾಗ ಅವನು ಕುಂಡ ಸರಿಸಿ ವಾಲ್ವ್ ತಿರುಗಿಸಿದ. ಅಷ್ಟೇ ಮಾಡಿದ್ದು.

"ಮಾಲೀಕ ನಿನ್ನನ್ನ ಬೈಯ್ತಾನೆ ಅಂತಲಾ?"

"ಅದು ದಿನಾ ಇದ್ದಿದ್ದೇ ಸಾರ್."

"ಮತ್ತೆ?"

ಹುಡುಗ ಬಗ್ಗಿ ವಾಲ್ವ್ ಮೇಲಿನ ಮಣ್ಣು ಒರೆಸಿದ. "ಮಾಮನ ಮುಂದೆ ಲೋಟ ತುಂಬಿ ಕೊಟ್ಟಿದ್ದು ನಾನು. ಟ್ಯಾಂಕರ್ ನೀರು. ಧಣಿ ಕುಡಿದಾಗ ಎಲ್ಲ ಚಪ್ಪಾಳೆ ತಟ್ಟಿದ್ರು. ಸೂಪರ್‌ವೈಸರು ಪಕ್ಕೆಗೆ ತಿವಿದ. ನಾನೂ ತಟ್ಟಿದೆ. ಮಾಮ ನನ್ನ ಕೈನೇ ನೋಡ್ತಿದ್ದ."

ಠಾಣೆಯಲ್ಲಿ ಮಾಲೀಕ ಕಾಯುತ್ತಿದ್ದ. ಸುದ್ದಿ ಅವನಿಗಿಂತ ಮೊದಲು ಮೇಲಕ್ಕೆ ಹೋಗಿ ಕೆಳಗಿಳಿದಿತ್ತು. ಈ ಸಲ ಅವನು ಜೋರು ಮಾತಾಡಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ವಿಷಯ ಬಿಡಿಸಿದ. ಹುಡುಗ ಒಪ್ಪಿಕೊಂಡಿದ್ದಾನೆ, ಒಳ್ಳೆಯದೇ ಆಯಿತು. ವಾಲ್ವ್ ಎಂಬ ಮಾತು ಬೇಡ, ವಿಷ ಹಾಕಿದೆ ಎಂದು ಹೇಳಿಸಿ. ಪ್ರಯೋಗಾಲಯದ ಕಾಗದ ಬೇರೆ ಫೈಲಿನಲ್ಲಿರಲಿ. ಆರ್ಡರ್ ಬರುತ್ತದೆ, ಹೊಲಿಗೆ ಶುರುವಾಗುತ್ತದೆ, ಹುಡುಗನಿಗೆ ತಾನೇ ವಕೀಲನನ್ನು ಇಡುತ್ತೇನೆ. ಹೊರಗೆ ಅಂಗಳದಲ್ಲಿ ಹೊಲಿಗೆಯ ಹೆಂಗಸರು ಸೇರುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ಒಳಗೆ ಬಂದು, ಅಣ್ಣ, ಧಣಿ ಹೇಳಿದ ಹಾಗೇ ಬರೆದುಬಿಡಿ, ಮೀನಿಗೇನು ಸಾಕ್ಷಿ ಹೇಳಲು ಬರುತ್ತದೆಯೇ ಎಂದು ಕೈಮುಗಿದಳು.

ಇನ್‌ಸ್ಪೆಕ್ಟರ್ ಕಿಟಕಿಗೆ ಹೋದ. ಬಾಗಿಲಿಗೆ ಬಂದ. ಮತ್ತೆ ಕಿಟಕಿಗೆ. ಫೋನ್ ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಕೊನೆಗೆ ಒಳಕೋಣೆಗೆ ಹೋಗಿ ಹುಡುಗನ ಎದುರು ಕುರ್ಚಿ ಎಳೆದುಕೊಂಡು ಕೂತ. ಕೂತದ್ದು ಕಂಡು ದಫೇದಾರ ಬರೆಯುವುದನ್ನು ನಿಲ್ಲಿಸಿದ.

"ನೇರವಾಗಿ ಹೇಳ್ತೀನಿ ಕೇಳು. ವಿಷ ಹಾಕಿದೆ ಅಂದ್ರೆ ನಿನಗೆ ಶಿಕ್ಷೆ ಜಾಸ್ತಿ, ನಿಮ್ಮಕ್ಕನ ಕೆಲಸ ಉಳಿಯುತ್ತೆ. ವಾಲ್ವ್ ತಿರುಗಿಸಿದೆ ಅಂದ್ರೆ ನಿನಗೆ ಕಮ್ಮಿ, ಆ ಕೆಲಸ ಹೋಗುತ್ತೆ. ವರದಿ ನಾನು ಹೇಗೂ ಬಚ್ಚಿಡಲ್ಲ. ಆದ್ರೆ ನಿನ್ನ ಹೇಳಿಕೆ ನಿಂದು. ಅವರು ಅದನ್ನ ತೋರಿಸಿ ಆರ್ಡರ್ ತರ್ತಾರೆ. ವರದಿ ಓದೋರು ಯಾರೂ ಇಲ್ಲ."

ಹೊರಗಿನ ಅಂಗಳದಿಂದ ಅಕ್ಕನ ದನಿ ಕೇಳಿಸಿತು. ಯಾರಿಗೋ ಏನೋ ಹೇಳುತ್ತಿದ್ದಳು. ಹುಡುಗ ಆ ಕಡೆ ಕಿವಿ ಕೊಟ್ಟ.

"ವಾಲ್ವ್ ತಿರುಗಿಸಿದೆ, ಅದೇ ನೀರು ಅಂತ ಬರ್ಕೊಳ್ಳಿ ಸಾರ್," ಎಂದ.

ಇಪ್ಪತ್ತೊಂದನೇ ತಾರೀಖು ಸಂಜೆ ಆರಕ್ಕೆ ಬಂಧನ ದಾಖಲಾಯಿತು. ಫ್ಯಾಕ್ಟರಿಗೆ ನಷ್ಟ ಮಾಡಿದ ಆರೋಪ, ಪ್ರಾಣಿಗಳನ್ನು ಕೊಂದ ಆರೋಪ. ಹೇಳಿಕೆಯ ಜೊತೆ ಪ್ರಯೋಗಾಲಯದ ವರದಿಯೂ ನ್ಯಾಯಾಲಯಕ್ಕೆ ಹೋಯಿತು, ಅದರ ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಕಚೇರಿಗೂ ಹೋಯಿತು. ಆ ಕಚೇರಿಯಿಂದ ಇವತ್ತಿನವರೆಗೆ ಉತ್ತರ ಬಂದಿಲ್ಲ. ಖರೀದಿದಾರರ ಉತ್ತರ ಮಾತ್ರ ಬೇಗ ಬಂತು. ಅವರು ಬೇರೆ ದೇಶದಲ್ಲಿ ಬೇರೆ ಫ್ಯಾಕ್ಟರಿ ನೋಡಿಕೊಂಡರು. ಅಲ್ಲಿ ಗೇಟಿನ ಹತ್ತಿರ ತೊಟ್ಟಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು. ನೀಲಿಕೈಯ ಶೆಡ್ಡಿನ ಮುದ್ರೆ ಇನ್ನೂ ಬಾಗಿಲಲ್ಲೇ ಇದೆ. ತಾತ ಠಾಣೆಯಲ್ಲಿದ್ದಾನೆ, ಪ್ರಕರಣ ಮುಗಿಯುವವರೆಗೆ ಬದುಕಿರಬೇಕು ಎಂದು ದಫೇದಾರನೇ ಆಹಾರ ಹಾಕುತ್ತಾನೆ. ತೊಟ್ಟಿರಾಯ ಯಾಕೆ ಹಾಗೆ ಮಾಡಿದ ಎಂಬುದಕ್ಕೆ ದೋಷಾರೋಪ ಪಟ್ಟಿಯಲ್ಲಿ ಒಂದು ಅಂಕಣ ಇದೆ. ಅಲ್ಲಿ ವೈಯಕ್ತಿಕ ದ್ವೇಷ ಎಂದು ಬರೆದಿದ್ದಾರೆ. ಚಪ್ಪಾಳೆ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಅಂದು ಸಂಜೆ ಅವನನ್ನು ಜೀಪಿಗೆ ಕರೆತಂದಾಗ ಅಂಗಳ ತುಂಬಿತ್ತು. ಹೆಂಗಸರು ಬೈಯಲಿಲ್ಲ, ದಾರಿ ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ನೀಲಿಕೈ ಗೇಟಿನ ಆಚೆ ನಿಂತಿದ್ದ, ಒಳಗೆ ಬರಲಿಲ್ಲ. ಅಕ್ಕ ಮುಂದೆ ಬಂದು ತಮ್ಮನ ಎದುರು ನಿಂತಳು. ಅವಳ ಕೊರಳಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ ಇತ್ತು, ಯಾಕೆ ಹಾಕಿಕೊಂಡು ಬಂದಳೋ. ಪಕ್ಕದಲ್ಲಿ ಮಾಲೀಕ, ಸೂಪರ್‌ವೈಸರ್, ಕೂಡಿ ಹೊಲಿದ ಎಲ್ಲರೂ ಇದ್ದರು.

"ತೊಟ್ಟಿ ನೀರು ಒಳ್ಳೇದು ಅಂತ ದಿನಾ ಹೇಳ್ತಿದ್ದ ಸುಳ್ಳು ಅಲ್ವೇನೋ ಅದು," ಎಂದಳು. ದನಿ ಏರಲಿಲ್ಲ. "ಕಂಡೋರಿಗೋಸ್ಕರ ದಿನಾ ಹೇಳ್ತಿದ್ದೆ. ನನಗೋಸ್ಕರ ಇನ್ನೊಂದು ಸಲ ಹೇಳಕ್ಕೆ ಏನಾಗಿತ್ತೋ?"

ದಫೇದಾರ ಹಗ್ಗ ಸಡಿಲಿಸಿ ನಿಂತ. ಇನ್‌ಸ್ಪೆಕ್ಟರ್ ಬೇರೆ ಕಡೆ ನೋಡಿದ. ಹುಡುಗ ಒಮ್ಮೆ ಬಾಯಿ ತೆರೆದ. ಮುಚ್ಚಿದ. ಆಮೇಲೆ ಅವಳ ಪಕ್ಕದಿಂದ ಹಾದು ಜೀಪಿನತ್ತ ನಡೆದ.